ಸಂಜೆ ಆರರ ಗಂಟೆ

ಪ್ರೀತಿಯ ತಂಗಿ,

ನಿನ್ನ ಕಾಗದ ಸಿಕ್ಕಿತು. ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ಮಲಗಿ ಎದ್ದ ಮೇಲೆ ಇನ್ನೊಂದು ಸಲ ಓದಿದೆ. ಐರ್ಲೆಂಡಿಗೆ ಬಂದು ನಾಲ್ಕು ತಿಂಗಳಾಯಿತು ಅಂತ ಬರೆದಿದ್ದೀಯ. ಹಾಸನದಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದವಳು, ಚರ್ಚಿನ ಪೂಜೆಗೆ ಹಾಡುತ್ತಿದ್ದವಳು ನೀನು. ಇಲ್ಲಿ ಕೇರ್ ಹೋಮಿನಲ್ಲಿ ದಿನಕ್ಕೆ ಹನ್ನೆರಡು ಗಂಟೆ ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು, ಊಟ ತಿನ್ನಿಸುವುದು. ಮೂರು ಭಾನುವಾರ ಪೂಜೆಯೂ ತಪ್ಪಿತು. ‘ಅಕ್ಕಾ, ದೇವರು ಹಾಸನದಲ್ಲೇ ಉಳಿದುಬಿಟ್ಟರಾ? ನಾನು ಬರೀ ದುಡ್ಡಿಗೋಸ್ಕರ ಬಂದೆನಾ?’ ಅಂತ ಕೇಳಿದ್ದೀಯ.

ಫೋನಿನಲ್ಲಾದರೆ ಅರ್ಧ ಹೇಳಿ ಅರ್ಧ ಬಿಟ್ಟುಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಗಾಲ್ವೇಗೆ ಬಂದು ಹದಿನೇಳು ವರ್ಷವಾಯಿತು. ಮೊದಲನೇ ವರ್ಷ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಕೇಳೋಣ ಅಂದರೆ ಯಾರೂ ಇರಲಿಲ್ಲ.

ಹಾಸನದಲ್ಲೇ ಉಳಿದುಬಿಟ್ಟರಾ ಅಂದೆಯಲ್ಲ, ನಿಮ್ಮ ಶೆಟ್ಟಿಹಳ್ಳಿ ಚರ್ಚನ್ನೇ ನೆನಪು ಮಾಡಿಕೋ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚ್. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಒಳಗೆ ಬಂತು. ಮಳೆಗಾಲದಲ್ಲಿ ಅರ್ಧ ಗೋಡೆ ನೀರಲ್ಲಿ, ಬೇಸಿಗೆಯಲ್ಲಿ ಒಳಗೆ ನಡೆದು ಹೋಗಬಹುದು. ಜನ ಫೋಟೋ ತೆಗೆಯಲು ಬರುತ್ತಾರೆ. ಆದರೆ ಅಲ್ಲಿ ಮೊಣಕಾಲೂರಿ ಬೇಡಿದ ಊರಿನವರು ಏನಾದರು? ಜಪಸರ ಹಿಡಿದುಕೊಂಡು ಬೇರೆ ಕಡೆ ಹೋದರು. ಹೋದ ಕಡೆ ಒಲೆ ಹಚ್ಚಿದರು, ಮಕ್ಕಳಿಗೆ ಶಿಲುಬೆ ಗುರುತು ಹಾಕುವುದು ಕಲಿಸಿದರು. ಅವರಿಗೆ ಎಷ್ಟು ನೋವಾಗಿರಬೇಕು ಅಂತ ನಾನು ಹಗುರವಾಗಿ ಹೇಳುತ್ತಿಲ್ಲ. ನಿನಗೂ ನೋವಾಗುತ್ತಿದೆ, ಅದು ಸುಳ್ಳಲ್ಲ. ಆದರೆ ದೇವರು ಆ ಗೋಡೆಯೊಳಗೇ ಕೂತು ಮುಳುಗಲಿಲ್ಲ, ಅಲ್ವಾ?

ಈಗ ನನ್ನ ಅಪ್ಪನ ವಿಷಯ ಹೇಳುತ್ತೇನೆ.

ನಾನು ಬೆಳೆದದ್ದು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ಅಪ್ಪ ಕಾಫಿ ಒಣಗಿಸುವ ಕಣ ನೋಡಿಕೊಳ್ಳುತ್ತಿದ್ದರು. ಹಣ್ಣು ತಂದು ಕಣದಲ್ಲಿ ಹರಡಿದರೆ ಅಲ್ಲಿಗೆ ಮುಗಿಯಲಿಲ್ಲ. ಬಿಸಿಲು ಇರುವಷ್ಟು ಹೊತ್ತೂ ಮತ್ತೆ ಮತ್ತೆ ಕೆದರುತ್ತಿರಬೇಕು. ಸಂಜೆ ಗುಡ್ಡೆ ಮಾಡಿ ಮುಚ್ಚಬೇಕು. ಬೆಳಗ್ಗೆ ಮತ್ತೆ ಹರಡಬೇಕು. ಹೀಗೆ ಎರಡು ವಾರ. ಒಂದು ದಿನ ಉದಾಸೀನ ಮಾಡಿದರೆ ಬೂಷ್ಟು ಹಿಡಿಯುತ್ತದೆ. ನಿನ್ನೆ ಮಾಡಿದ್ದನ್ನೇ ಇವತ್ತು ಮಾಡುವ ಕೆಲಸ ಅದು, ನಿನ್ನ ಈಗಿನ ಕೆಲಸದ ಹಾಗೆ. ಸಂಜೆ ಆರಕ್ಕೆ ಚರ್ಚಿನ ಗಂಟೆ ತೋಟ ದಾಟಿ ಕೇಳಿಸುತ್ತಿತ್ತು. ಅಪ್ಪ ಕೈಯಲ್ಲಿದ್ದದ್ದನ್ನು ಬದಿಗಿಟ್ಟು, ತಲೆಗೆ ಸುತ್ತಿದ ಟವೆಲ್ ತೆಗೆದು ನಿಲ್ಲುತ್ತಿದ್ದರು. ತ್ರಿಕಾಲ ಪ್ರಾರ್ಥನೆ, ದಿನಕ್ಕೆ ಮೂರು ಹೊತ್ತು ಗಂಟೆ ಬಾರಿಸಿದಾಗ ಹೇಳುವ, ಯೇಸುಸ್ವಾಮಿಯ ತಾಯಿ ಮರಿಯಮ್ಮನವರ ಪ್ರಾರ್ಥನೆ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಟವೆಲ್ ಮತ್ತೆ ತಲೆಗೆ, ಕೈ ಮತ್ತೆ ಕಾಫಿಗೆ.

ಆ ಒಂದು ನಿಮಿಷ ದೇವರದು, ಉಳಿದ ದಿನವೆಲ್ಲ ತೋಟದ್ದು ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ. ಇಲ್ಲಿಗೆ ಬಂದಾಗಲೂ ಅದೇ ಲೆಕ್ಕ. ಪೂಜೆ ಸಿಕ್ಕಿದ ವಾರ ದೇವರು ಇದ್ದಾರೆ, ಸಿಗದ ವಾರ ಇಲ್ಲ.

ಮೊದಲನೇ ಡಿಸೆಂಬರ್ ಬಂತು. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನಮ್ಮ ಹೋಮಿನಲ್ಲಿ ಒಬ್ಬ ಅಜ್ಜ ಇದ್ದರು, ಮೇಯೋ ಕಡೆಯ ರೈತ. ಮರೆವಿನ ಕಾಯಿಲೆ. ಮಗಳ ಹೆಸರು ಮರೆತಿತ್ತು, ಚಮಚ ಹಿಡಿಯುವುದು ಮರೆತಿತ್ತು, ಮಾತು ಪೂರ್ತಿ ನಿಂತಿತ್ತು. ಅವತ್ತು ನಾನು ಅವರಿಗೆ ಊಟ ತಿನ್ನಿಸುತ್ತಿದ್ದೆ. ಇನ್ನೂ ಐದು ಜನ ಬಾಕಿ ಇದ್ದರು. ನುಂಗಿದರೋ ಇಲ್ಲವೋ ನೋಡದೆ ಚಮಚದ ಮೇಲೆ ಚಮಚ ಇಡುತ್ತಿದ್ದೆ. ಅಷ್ಟರಲ್ಲಿ ಟಿವಿಯಲ್ಲಿ ಗಂಟೆ ಬಾರಿಸಿತು.

ನೀನೂ ನೋಡಿರುತ್ತೀಯ. ಇಲ್ಲಿಯ ಆರ್‌ಟಿಇ ವಾಹಿನಿ ದಿನಾ ಸಂಜೆ ಆರಕ್ಕೆ, ವಾರ್ತೆಗೆ ಮುಂಚೆ, ಆ ಗಂಟೆ ಕೇಳಿಸುತ್ತದೆ. ರೇಡಿಯೋದಲ್ಲಿ 1950ರಿಂದ ನಡೆದುಕೊಂಡು ಬಂದಿದೆ. ಮೂರು, ಮೂರು, ಮೂರು, ಕೊನೆಗೆ ಒಂಬತ್ತು. ನಮ್ಮೂರಿನದೇ ಪ್ರಾರ್ಥನೆಯ ಗಂಟೆ.

ಅಜ್ಜನ ಕೈ ಮೇಲೆದ್ದಿತು. ಹಣೆ ಮುಟ್ಟಿತು. ಎದೆ ಮುಟ್ಟಿತು. ಎಡ ಭುಜ ಮುಟ್ಟಿತು. ಬಲ ಭುಜಕ್ಕೆ ಹೋಗುವಷ್ಟರಲ್ಲಿ ಸೋತು ತೊಡೆಯ ಮೇಲೆ ಬಿತ್ತು.

ನಾನು ಚಮಚ ಕೆಳಗಿಟ್ಟೆ. ಗಂಟೆ ನಿಲ್ಲುವ ತನಕ ಅವರ ಕೈ ಹಿಡಿದುಕೊಂಡು ಕೂತೆ. ಅಪ್ಪನ ಟವೆಲ್ ಕಣ್ಣಿಗೆ ಕಟ್ಟಿತು. ಆಮೇಲೆ ಉಳಿದ ಊಟ ತಿನ್ನಿಸಿದೆ, ಒಂದೊಂದೇ ಚಮಚ, ನುಂಗುವ ತನಕ ಕಾದು. ಅಪ್ಪ ಆ ನಿಮಿಷದಲ್ಲಿ ಏನು ಮಾಡುತ್ತಿದ್ದರು ಅಂತ ಅವತ್ತು ಗೊತ್ತಾಯಿತು. ಬೆಳಗ್ಗೆಯಿಂದ ಕೆದರಿದ ಕಾಫಿಯನ್ನೇ, ಆ ಬಿಸಿಲನ್ನೇ, ನೋಯುವ ಸೊಂಟವನ್ನೇ ಎತ್ತಿ ದೇವರ ಮುಂದೆ ಇಡುತ್ತಿದ್ದರು. ಬೇರೆ ಏನಿತ್ತು ಅವರ ಹತ್ತಿರ?

ಅವತ್ತಿನಿಂದ ಎಲ್ಲ ಸುಲಭವಾಯಿತು ಅಂತ ತಿಳಿಯಬೇಡ. ಮರುದಿನ ಸ್ನಾನದ ಹೊತ್ತಲ್ಲಿ ಅದೇ ಅಜ್ಜ ನನ್ನ ಕೈ ಕಚ್ಚಿದರು. ಪ್ರಾರ್ಥನೆ ಬಾಯಿಗೇ ಬಾರದ ತಿಂಗಳುಗಳೂ ಇದ್ದವು. ಬದಲಾದದ್ದು ಒಂದೇ. ದೇವರನ್ನು ಹುಡುಕಲು ಕೆಲಸ ಬಿಟ್ಟು ಎಲ್ಲಿಗೋ ಹೋಗಬೇಕು ಅನ್ನುವುದು ನಿಂತಿತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಚರ್ಚಿನ ಗುರುಗಳು ಹನ್ನೆರಡು ಜನರ ಕಾಲು ತೊಳೆಯುವುದನ್ನು ನಾವು ವರ್ಷಕ್ಕೊಮ್ಮೆ ನೋಡುತ್ತಿದ್ದೆವು. ನೀನು ಅದನ್ನು ನಿನ್ನೆ ಮಾಡಿದ್ದೀಯ, ನಾಳೆಯೂ ಮಾಡುತ್ತೀಯ.

ದುಡ್ಡಿನ ಮಾತಿಗೆ ಬರುತ್ತೇನೆ. ತಮ್ಮನ ಫೀಸು ಕಟ್ಟುತ್ತಿದ್ದೀಯ, ಮನೆಯ ಸಾಲ ತೀರಿಸುತ್ತಿದ್ದೀಯ. ಅದಕ್ಕೆ ಯಾಕೆ ನಾಚಿಕೆ? ಹಾಸನ, ಚಿಕ್ಕಮಗಳೂರು ಎರಡೂ ಸೇರಿ ನಮ್ಮದು ಒಬ್ಬರೇ ಬಿಷಪ್ಪರ ಒಂದೇ ಧರ್ಮಕ್ಷೇತ್ರ, 1963ರಿಂದ. ಚಿಕ್ಕಮಗಳೂರಿನ ನಮ್ಮ ಪ್ರಧಾನಾಲಯ, ಬಿಷಪ್ಪರ ಚರ್ಚು, ಯಾರ ಹೆಸರಿನಲ್ಲಿದೆ? ಯೇಸುಸ್ವಾಮಿಯ ಸಾಕುತಂದೆ ಸಂತ ಜೋಸೆಫರ ಹೆಸರಿನಲ್ಲಿ. ಬೈಬಲಿನ ನಾಲ್ಕು ಶುಭಸಂದೇಶಗಳನ್ನು ಹುಡುಕಿ ನೋಡು, ಜೋಸೆಫರು ಆಡಿದ ಒಂದು ಮಾತೂ ಸಿಗುವುದಿಲ್ಲ. ಬಡಗಿ ಕೆಲಸ ಮಾಡಿ ಮನೆ ಸಾಕಿದರು. ಯೇಸುಸ್ವಾಮಿಯೂ ಮೂವತ್ತು ವರ್ಷದ ಹತ್ತಿರ ಹತ್ತಿರ ಆ ಮನೆಯಲ್ಲೇ, ಆ ಕೆಲಸದಲ್ಲೇ ಇದ್ದರು. ಜನರ ಮುಂದೆ ಬೋಧನೆ ಮಾಡಿದ್ದು ಸುಮಾರು ಮೂರು ವರ್ಷ. ಆ ಮೂವತ್ತು ವರ್ಷ ದಂಡವಾಯಿತು ಅಂತ ಯಾರಾದರೂ ಹೇಳುತ್ತಾರಾ?

ಇಲ್ಲಿ ಮೇಯೋದಲ್ಲಿ ನಾಕ್ ಅಂತ ಒಂದು ಊರಿದೆ. ನಮ್ಮವರೆಲ್ಲ ಯಾತ್ರೆಗೆ ಹೋಗುತ್ತಾರೆ, ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ. 1879ರ ಆಗಸ್ಟ್ 21ರ ಸಂಜೆ, ಸುರಿಯುವ ಮಳೆಯಲ್ಲಿ, ಚರ್ಚಿನ ಹಿಂದಿನ ಗೋಡೆಯ ಹತ್ತಿರ ಮರಿಯಮ್ಮನವರು, ಜೋಸೆಫರು, ಸಂತ ಯೊವಾನ್ನರು ಕಾಣಿಸಿಕೊಂಡರು ಅಂತ ಊರಿನ ಹದಿನೈದು ಜನ ಸಾಕ್ಷಿ ಹೇಳಿದರು. ಅಲ್ಲೂ ಒಂದು ಮಾತಿಲ್ಲ. ಮರಿಯಮ್ಮನವರು ಕಾಣಿಸಿಕೊಂಡ ಲೂರ್ದ್, ಫಾತಿಮಾದಲ್ಲಿ ಇದ್ದ ಹಾಗೆ ಸಂದೇಶ ಇಲ್ಲ. ಸುಮ್ನೆ ಜೊತೆಗೆ ನಿಂತಿದ್ದರು. ಮೊದಲು ನೋಡಿದವರಲ್ಲಿ ಗುರುಗಳ ಮನೆಯಲ್ಲಿ ಕೆಲಸ ಮಾಡುವ ಹೆಂಗಸೂ ಒಬ್ಬಳು. ಬರಗಾಲದ ವರ್ಷ ಅದು, ಬಡವರ ಊರು. ಹಸಿದವರ ಊರಿಗೆ ಬಂದು ಏನೂ ಹೇಳದೆ ಜೊತೆಗೆ ನಿಂತರು ಅನ್ನುವುದು ನನಗೆ ಚರ್ಚಿನಲ್ಲಿ ಕೇಳಿದ ಯಾವ ಪ್ರಸಂಗಕ್ಕಿಂತ ಜಾಸ್ತಿ ಧೈರ್ಯ ಕೊಟ್ಟಿದೆ. ರಾತ್ರಿ ಮೂರು ಗಂಟೆಗೆ ನಿದ್ದೆ ಬಾರದ ಅಜ್ಜಿಯ ಪಕ್ಕ ಕೂತಾಗ ನನಗೂ ಹೇಳಲು ಮಾತಿರುವುದಿಲ್ಲ.

ಇನ್ನು ಭಾನುವಾರ. ಶನಿವಾರ ಸಂಜೆಯ ಪೂಜೆ ಭಾನುವಾರದ ಪೂಜೆಗೇ ಸಮ. ರೋಸ್ಟರ್ ಬಂದ ತಕ್ಷಣ ಅದನ್ನು ನೋಡಿಕೋ. ಎರಡೂ ಸಿಗದೆ, ರೋಗಿಗಳನ್ನು ಬಿಟ್ಟು ಬರಲಾಗದೆ ತಪ್ಪಿದರೆ ಅದು ಪಾಪವಲ್ಲ. ನಿನ್ನ ಗುರುಗಳನ್ನು ಕೇಳು, ಅವರೂ ಅದನ್ನೇ ಹೇಳುತ್ತಾರೆ. ಆದರೆ ಓವರ್‌ಟೈಮ್ ಆಸೆಗೆ ನೀನೇ ಭಾನುವಾರ ಬರೆಸಿಕೊಳ್ಳಬೇಡ.

ಇಲ್ಲಿ ನಿನಗೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ‘ನೀವು ದೇವದೂತರು’ ಅಂತ ಹೊಗಳಿ ಹೊಗಳಿ ನಮ್ಮನ್ನು ಬಿಡುವಿಲ್ಲದೆ ದುಡಿಸಿದರು. ಸೇವೆ ತಾನೇ ಅಂತ ನಾನು ಒಪ್ಪಿಕೊಂಡೆ. ಏಪ್ರಿಲ್ ಹೊತ್ತಿಗೆ ಒಂದು ರಾತ್ರಿ, ಹಾಸಿಗೆ ಒದ್ದೆ ಮಾಡಿಕೊಂಡ ಅಜ್ಜಿಯ ಮೇಲೆ ಕೂಗಿಬಿಟ್ಟೆ. ಅವರು ಹೆದರಿ ಮುದುಡಿಕೊಂಡರು. ಆ ಮುಖ ಇನ್ನೂ ಮರೆತಿಲ್ಲ. ಪಾಪನಿವೇದನೆಗೆ ಹೋಗಿ ಹೇಳಿಕೊಂಡೆ. ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: ‘ನೀನು ಸರಿಯಾಗಿ ನಿದ್ದೆ ಮಾಡಿದ್ದು ಯಾವಾಗ?’

ದಿನಕ್ಕೆ 11 ಗಂಟೆ ಬಿಡುವು, ವಾರಕ್ಕೆ ಒಟ್ಟಿಗೆ 24 ಗಂಟೆ ರಜೆ, ಸರಾಸರಿ ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಸುವ ಹಾಗಿಲ್ಲ. 1997ರಿಂದ ಇಲ್ಲಿ ಕಾನೂನಿದೆ. ಭಾನುವಾರದ ಕೆಲಸಕ್ಕೆ ಬೇರೆ ದುಡ್ಡೋ ಬದಲಿ ರಜೆಯೋ ಕೊಡಬೇಕು. ಕೇಳಿ ತೆಗೆದುಕೋ. ದೇವರೇ ಏಳನೇ ದಿನ ವಿಶ್ರಾಂತಿ ತೆಗೆದುಕೊಂಡರು ಅಂತ ನೀನೇ ಮಕ್ಕಳಿಗೆ ಹೇಳಿಕೊಟ್ಟಿದ್ದೀಯ. ದಣಿದ ಕೈ ಗೊತ್ತಿಲ್ಲದೆಯೇ ಒರಟಾಗುತ್ತದೆ ತಂಗಿ, ಒರಟು ಕೈ ಮುಟ್ಟುವುದು ಎದುರು ಹೇಳಲಾಗದವರನ್ನು.

ಕೆಲಸದ ನಡುವೆ ಪ್ರಾರ್ಥನೆ ಹೇಗೆ ಅಂತ ಕೇಳಿದ್ದೆ. ನಾನು ಮಾಡುವುದು ತುಂಬಾ ಸಣ್ಣದು. ಕೈ ತೊಳೆಯುವಾಗ ಒಂದು ನಮೋ ಮರಿಯ. ನಿಧಾನವಾಗಿ ಹೇಳಿದರೆ ಸೋಪು ಉಜ್ಜಬೇಕಾದಷ್ಟು ಹೊತ್ತಿಗೆ ಸರಿಯಾಗುತ್ತದೆ. ಈಗ ಯಾರ ಕೋಣೆಗೆ ಹೋಗುತ್ತೇನೋ ಅವರಿಗಾಗಿ. ನಮ್ಮ ಕೆಲಸದಲ್ಲಿ ಕೈ ಎಷ್ಟು ಸಲ ತೊಳೆಯಬೇಕು ಅಂತ ನಿನಗೆ ಗೊತ್ತು, ದಿನಕ್ಕೊಂದು ಜಪಸರ ಮುಗಿಯುವ ದಿನಗಳೂ ಇವೆ. ಯಾರಿಗೂ ಕೇಳಿಸುವ ಹಾಗೆ ಹೇಳುವುದಿಲ್ಲ. ದೇವರ ಮೇಲೆ ಬೇಜಾರಾಗಿ ಚರ್ಚ್ ಬಿಟ್ಟವರು ಇಲ್ಲಿ ತುಂಬಾ ಜನ ಇದ್ದಾರೆ, ಅವರಿಗೆ ಕಾರಣಗಳೂ ಇವೆ. ಅವರ ಕೋಣೆಯಲ್ಲಿ ಬೋಧನೆ ಬೇಡ. ಅವರ ದಿಂಬು ಸರಿಮಾಡು.

ಕಲಿಯುವುದೂ ಇದೆ. ಕೊನೆಮಾರಾದ ಒಬ್ಬ ಅಜ್ಜಿ ನನಗೆ ಅವರ ಐರಿಷ್ ಭಾಷೆಯ ನಮಸ್ಕಾರ ಕಲಿಸಿದರು. ‘ದೇವರು ನಿನ್ನ ಜೊತೆಗಿರಲಿ’ ಅಂತ ಅದರ ಅರ್ಥ. ಉತ್ತರ ಕೊಡುವವರು ‘ದೇವರೂ ಮರಿಯಮ್ಮನೂ ನಿನ್ನ ಜೊತೆಗಿರಲಿ’ ಅನ್ನಬೇಕು. ಫೆಬ್ರವರಿ 1 ಸಂತ ಬ್ರಿಜಿಡ್ ಹಬ್ಬ. ಹಾಲು ಕರೆದು, ಬೆಣ್ಣೆ ಕಡೆದು ಬಡವರಿಗೆ ಕೊಟ್ಟವರು ಅಂತ ಇಲ್ಲಿಯವರು ಕಥೆ ಹೇಳುತ್ತಾರೆ. ಅವತ್ತಿಗೆ ಜೌಗಿನ ಹುಲ್ಲಿನಿಂದ ಶಿಲುಬೆ ಹೆಣೆಯುತ್ತಾರೆ, ನಾವು ಗರಿಗಳ ಭಾನುವಾರ ಗರಿಯಲ್ಲಿ ಹೆಣೆಯುವ ಹಾಗೆ. ಅಜ್ಜಿಯ ಅಮ್ಮ ರಾತ್ರಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚುವಾಗ ಒಂದು ಪ್ರಾರ್ಥನೆ ಹೇಳುತ್ತಿದ್ದರಂತೆ. ಕೆಂಡ ಮುಚ್ಚುವುದಕ್ಕೂ ಒಂದು ಪ್ರಾರ್ಥನೆ! ನನ್ನ ಅಮ್ಮ ಒಲೆ ಹಚ್ಚುವ ಮೊದಲು ಶಿಲುಬೆ ಗುರುತು ಹಾಕುತ್ತಿದ್ದರು ಅಂದೆ. ಅಜ್ಜಿ ನನ್ನ ಕೆನ್ನೆ ಸವರಿದರು.

2020ರ ಏಪ್ರಿಲ್‌ನಲ್ಲಿ ಆ ಅಜ್ಜಿ ತೀರಿಕೊಂಡರು. ಕೋವಿಡ್ ಅಂತ ಹೋಮುಗಳ ಬಾಗಿಲು ಮುಚ್ಚಿತ್ತು. ಮನೆಯವರು ಒಳಗೆ ಬರುವ ಹಾಗಿರಲಿಲ್ಲ, ಅವತ್ತು ಗುರುಗಳೂ ಬರಲಾಗಲಿಲ್ಲ. ಮಗಳು ಫೋನಿನಲ್ಲಿದ್ದಳು. ನಾನು ಫೋನನ್ನು ಅಜ್ಜಿಯ ಕಿವಿಯ ಹತ್ತಿರ ಹಿಡಿದಿದ್ದೆ. ಪ್ರಾರ್ಥನೆ ಹೇಳು ಅಂತ ಮಗಳು ಬೇಡಿಕೊಂಡಳು. ಇಂಗ್ಲಿಷಿನಲ್ಲಿ ಶುರುಮಾಡಿದೆ, ಗಂಟಲು ಕಟ್ಟಿತು. ಆಮೇಲೆ ಬಾಯಿಗೆ ಬಂದದ್ದು ಕನ್ನಡ, ಅಮ್ಮ ಕಲಿಸಿದ ನಮೋ ಮರಿಯ. ಮೊದಲರ್ಧ ಮುಗಿಸಿ ಉಸಿರು ತೆಗೆದುಕೊಂಡೆ. ಆ ಕಡೆಯಿಂದ ಮಗಳು ಎರಡನೇ ಅರ್ಧವನ್ನು ಅವರ ಐರಿಷ್ ಭಾಷೆಯಲ್ಲಿ ಹೇಳಿದಳು. ಅವಳಿಗೆ ಕನ್ನಡ ಬಾರದು, ನನಗೆ ಐರಿಷ್ ಬಾರದು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಿಕೊಳ್ಳಬೇಕು ಅಂತ ಇಬ್ಬರಿಗೂ ಗೊತ್ತಿತ್ತು. ಹತ್ತು ಮಣಿ ಹೇಳಿದೆವು. ಅಜ್ಜಿ ಹೋದದ್ದು ಯಾವ ಮಣಿಗೆ ಅಂತ ನನಗೆ ಗೊತ್ತಾಗಲಿಲ್ಲ.

ನಾನು ಇಲ್ಲಿಗೆ ಯಾಕೆ ಬಂದೆ ಅಂತ ಆಮೇಲೆ ಯಾವತ್ತೂ ಕೇಳಿಕೊಂಡಿಲ್ಲ.

ಈ ಶನಿವಾರ ನನಗೆ ರಜೆ, ನಿನಗೂ ಅಂತ ಬರೆದಿದ್ದೀಯ. ಅಥ್ಲೋನಿನಿಂದ ಬಸ್ಸೂ ಇದೆ, ರೈಲೂ ಇದೆ. ಮಧ್ಯಾಹ್ನದೊಳಗೆ ಬಾ. ಅಕ್ಕಿರೊಟ್ಟಿ ತಟ್ಟುತ್ತೇನೆ, ಊರಿನ ಕಾಫಿಪುಡಿ ಇನ್ನೂ ಒಂದು ಡಬ್ಬಿ ಇದೆ. ನಿನ್ನ ಅಮ್ಮನಿಗೆ ಇಲ್ಲಿಯ ಎರಡು ಗಂಟೆಗೇ ಫೋನ್ ಮಾಡೋಣ, ಅಲ್ಲಿ ಏಳೂವರೆ, ಜಪಸರ ಮುಗಿಸಿರುತ್ತಾರೆ. ಸಂಜೆ ಪೂಜೆಗೆ ಹೋಗಿಬಂದ ಮೇಲೆ ಅಂದರೆ ಅಲ್ಲಿ ಮಧ್ಯರಾತ್ರಿಯಾಗುತ್ತದೆ. ಇದು ನವೆಂಬರ್, ತೀರಿಹೋದವರ ತಿಂಗಳು. ಇಲ್ಲಿ ಅವರ ಹೆಸರು ಬರೆದು ಲಕೋಟೆಯಲ್ಲಿ ಹಾಕಿ ಪೀಠದ ಹತ್ತಿರ ಇಡುತ್ತಾರೆ. ನಾನು ಅಪ್ಪನ ಹೆಸರು ಕನ್ನಡದಲ್ಲೇ ಬರೆಯುತ್ತೇನೆ. ನಿನ್ನ ಅಜ್ಜಿಯದನ್ನೂ ಬರೆಯೋಣ.

ನಿನ್ನ ಅಕ್ಕ