ಯಾರೂ ನೋಡದ ಹೊತ್ತಿನ ಗಾಳಿ

(ಹೆಸರು, ವಯಸ್ಸು ಮತ್ತು ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.)

ಇವರನ್ನು ರಮೇಶ ಎನ್ನೋಣ. ವಯಸ್ಸು 34, ಊರು ಹುಬ್ಬಳ್ಳಿ. ಗಣಿ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಕೆಲಸದ ಮೇಲೆ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗಿ ಇನ್ನೂ ಒಂದು ಬೇಸಿಗೆ ಪೂರ್ತಿ ಕಳೆದಿರಲಿಲ್ಲ. ಹೆಂಡತಿ, ಮಗಳು ಹುಬ್ಬಳ್ಳಿಯಲ್ಲೇ ಇದ್ದರು; ವೀಸಾ ಆಗಬೇಕು, ಮಗಳ ಶಾಲೆ ಮುಗಿಯಬೇಕು. ನಿದ್ದೆ ಸರಿ ಇಲ್ಲ, ಕೆಲಸದಲ್ಲಿ ಮನಸ್ಸಿಲ್ಲ ಎಂದು ನನ್ನ ಬಳಿ ಆಪ್ತಸಮಾಲೋಚನೆಯ ಆನ್‌ಲೈನ್ ಭೇಟಿಗೆ ಸಮಯ ತೆಗೆದುಕೊಂಡಿದ್ದರು. ನಮ್ಮಲ್ಲಿ ಸಂಜೆ ಏಳು ಅಂದರೆ ಅವರಲ್ಲಿ ರಾತ್ರಿ ಒಂಬತ್ತೂವರೆ.

ಮೊದಲು ಬಂದದ್ದೆಲ್ಲ ಹೊಸ ಊರಿಗೆ ಹೋದವರ ಮಾಮೂಲಿ ಮಾತು. ವಾರಾಂತ್ಯ ಉದ್ದವಾಗುತ್ತದೆ, ಅನ್ನ ಸಾರು ಒಬ್ಬನಿಗೇ ಮಾಡಿಕೊಳ್ಳಲು ಬೇಜಾರು, ಆಫೀಸಿನವರ ಜೋಕು ಅರ್ಥವಾಗುವಷ್ಟರಲ್ಲಿ ಅವರೆಲ್ಲ ನಕ್ಕು ಮುಗಿಸಿರುತ್ತಾರೆ. ಹೊತ್ತು ಮುಗಿಯುತ್ತ ಬಂದಾಗ "ಇನ್ನೊಂದು ಸಣ್ಣ ವಿಷಯ ಐತ್ರೀ ಮೇಡಂ, ಹೇಳ್ಳೋ ಬ್ಯಾಡೋ" ಅಂದರು. ನಮ್ಮ ಕೆಲಸದಲ್ಲಿ ಮುಖ್ಯ ವಿಷಯ ಹೆಚ್ಚಾಗಿ ಹೊರಡುವ ಹೊತ್ತಿಗೇ ಬಾಯಿಗೆ ಬರುತ್ತದೆ. ಗಡಿಯಾರ ನೋಡಿ ಅದನ್ನು ಮುಂದಿನ ವಾರಕ್ಕೆ ದೂಡಬಾರದು.

ಆ ಸಣ್ಣ ವಿಷಯ ಕೈಟ್‌ಸರ್ಫಿಂಗ್. ಸೊಂಟಕ್ಕೆ ಕಟ್ಟಿದ ಪಟ್ಟಿಗೆ (ಹಾರ್ನೆಸ್) ಸಿಕ್ಕಿಸಿದ ದೊಡ್ಡ ಗಾಳಿಪಟ (ಕೈಟ್), ಇಪ್ಪತ್ತು ಮೀಟರಿಗೂ ಉದ್ದದ ದಾರಗಳು, ಅದನ್ನು ನಡೆಸಲು ಕೈಯಲ್ಲಿ ಒಂದು ಅಡ್ಡಕೋಲು (ಬಾರ್), ಕಾಲಡಿ ಹಲಗೆ. ಗಾಳಿ ಎಳೆದಂತೆ ನೀರಿನ ಮೇಲೆ ಜಾರುತ್ತ ಹೋಗುವ ಆಟ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದರ ಒಂದು ಬಗೆ ಪದಕದ ಸ್ಪರ್ಧೆಯೂ ಆಯಿತು. ಪರ್ತ್‌ನಲ್ಲಿ ಇದಕ್ಕೆ ಗಾಳಿಯ ಕೊರತೆ ಇಲ್ಲ. ಬೇಸಿಗೆಯ ಮಧ್ಯಾಹ್ನ ನೈಋತ್ಯದಿಂದ ಬೀಸುವ ತಂಪು ಕಡಲಗಾಳಿಯನ್ನು ಅಲ್ಲಿಯವರು ಫ್ರೀಮ್ಯಾಂಟಲ್ ಡಾಕ್ಟರ್ ಎನ್ನುತ್ತಾರೆ. ಪರ್ತ್‌ನ ವಾಕಾ ಮೈದಾನದ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರಿಗೆ ಈ ಹೆಸರು ಗೊತ್ತಿರುತ್ತದೆ. ಸಹೋದ್ಯೋಗಿಗಳು ಕೆಲಸ ಮುಗಿಸಿ ವುಡ್‌ಮನ್ ಪಾಯಿಂಟ್ ಕಡಲತೀರಕ್ಕೆ ಕೈಟ್ ಹೊತ್ತು ಓಡುತ್ತಿದ್ದರು. ನೀನೂ ಬಾ ಎಂದು ಕರೆದರು. ಇವರು ನಗರದಿಂದ ಸುಮಾರು 50 ಕಿ.ಮೀ. ದಕ್ಷಿಣದ ಸೇಫ್ಟಿ ಬೇಯಲ್ಲಿ ಪಾಠಕ್ಕೆ ಸೇರಿದರು. ಅಲ್ಲಿ ನೀರು ಆಳವಿಲ್ಲ, ಹೊಸಬರು ಕಾಲೂರಿ ನಿಲ್ಲಬಹುದು.

ಮೊದಲ ಪಾಠ ಮರಳಿನ ಮೇಲೆ, ಸಣ್ಣ ಕೈಟ್‌ನಲ್ಲಿ, ಚೆನ್ನಾಗಿ ಹೋಯಿತು. ನೀರಿಗಿಳಿದ ದಿನ ಕೆಟ್ಟಿತು. ಕೈಟ್ ಎಳೆದಾಗ ಇವರು ಹೆದರಿ ಬಾರನ್ನು ಇನ್ನೂ ಗಟ್ಟಿಯಾಗಿ ಎದೆಗೆ ಎಳೆದುಕೊಂಡರು. ಹಾಗೆ ಎಳೆದಷ್ಟೂ ಕೈಟ್‌ಗೆ ಬಲ ಜಾಸ್ತಿ. ಮೂಗು ಬಾಯಿಗೆಲ್ಲ ಉಪ್ಪುನೀರು, ಹೆಲ್ಮೆಟ್ಟಿನ ರೇಡಿಯೋದಲ್ಲಿ ತರಬೇತುದಾರನ ಕೂಗು: ಬಾರ್ ಬಿಡು, ಬಾರ್ ಬಿಡು. ಎದ್ದು ನಿಂತಾಗ ಪಕ್ಕದಲ್ಲೇ ಹತ್ತು ಹನ್ನೆರಡರ ಹುಡುಗಿಯೊಬ್ಬಳು ಆರಾಮಾಗಿ ಜಾರುತ್ತ ಹೋದಳಂತೆ. "ಆಕಿ ನಗಲಿಲ್ರೀ. ನಕ್ಕಿದ್ರ ಛಲೋ ಇತ್ತು. ಆರ್ ಯೂ ಓಕೆ ಅಂತ ಕೇಳಿದ್ಲು."

ಆಮೇಲೆ ಪಾಠಕ್ಕೆ ಹೋಗಲಿಲ್ಲ. ಸಹೋದ್ಯೋಗಿಗಳು ಕೇಳಿದರೆ ಭುಜ ನೋವು ಅಂದರು. ಊಟದ ಹೊತ್ತಿಗೆ ಅವರ ಮೇಜಿಗೆ ಹೋಗುವುದೂ ನಿಂತಿತು. ಇಡೀ ಊರಿನಲ್ಲಿ ಇದ್ದ ಒಂದೇ ಗೆಳೆತನಕ್ಕೆ ಹೀಗೆ ತಾವೇ ಬಾಗಿಲು ಹಾಕಿಕೊಂಡಿದ್ದರು. ನಿದ್ದೆ ಕೆಟ್ಟದ್ದೂ ಅದೇ ವಾರದಿಂದ.

ಹಾಗಂತ ಆಟ ಬಿಟ್ಟಿರಲಿಲ್ಲ. ಯಾರದೋ ಹಳೆಯ 12 ಚದರ ಮೀಟರ್ ಕೈಟ್ ಕೊಂಡು ತಂದು ಮಂಚದ ಕೆಳಗಿಟ್ಟಿದ್ದರು. ಮುಂಜಾನೆ ಐದೂವರೆಗೆ ಮನೆ ಹತ್ತಿರದ ಕಡಲತೀರಕ್ಕೆ ಒಬ್ಬರೇ ಹೋಗಿ ಕಲಿಯುವುದು, ಬಂದ ಮೇಲೆ ಎಲ್ಲರಿಗೂ ತೋರಿಸುವುದು, ಇದು ಯೋಜನೆ.

"ಮುಂಜಾನೆಯೇ ಯಾಕೆ?"

"ಯಾರೂ ಇರಂಗಿಲ್ರೀ. ಬಿದ್ರೂ ಯಾರೂ ನೋಡಂಗಿಲ್ಲ."

ನಿದ್ದೆ ಇಲ್ಲದ, ಜನರಿಂದ ದೂರವಾದ ಮನುಷ್ಯ ನಸುಕಿನಲ್ಲಿ ಒಬ್ಬನೇ ಸಮುದ್ರಕ್ಕೆ ಹೋಗುತ್ತೇನೆ ಎಂದರೆ ನೇರವಾಗಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಸುತ್ತಿ ಬಳಸದೆ ಕೇಳಿದೆ: ಸಾಯುವ ಯೋಚನೆ ಬರುತ್ತದೆಯೇ? ಅವರು ಬೆಚ್ಚಿದರು. "ಅಯ್ಯೋ, ಇಲ್ರೀ ಮೇಡಂ, ಮಗಳದಾಳ" ಅಂದರು. ಮುಂದಿನ ಪ್ರಶ್ನೆಗಳನ್ನೂ ಕೇಳಿ ನೋಡಿದೆ. ಆ ಅಪಾಯ ಕಾಣಲಿಲ್ಲ. ಆದರೂ ಅಲ್ಲಿಯ ಲೈಫ್‌ಲೈನ್ ಸಹಾಯವಾಣಿ 13 11 14 ಅನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಲು ಹೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ.

ಆಮೇಲೆ ಇನ್ನೊಂದು ಕೇಳಿದೆ: ಆ ಹೊತ್ತಿಗೆ ಅಲ್ಲಿ ಗಾಳಿ ಎತ್ತ ಕಡೆಯಿಂದ? ಓದಿಕೊಂಡ ಮನುಷ್ಯ, ಉತ್ಸಾಹ ಬಂತು. ಹಾಳೆ ತೆಗೆದು ಕ್ಯಾಮೆರಾಕ್ಕೆ ಕಾಣುವಂತೆ ಗೀಚತೊಡಗಿದರು. ಉದ್ದ ಗೆರೆ ದಡ, ಅದರ ಎಡಕ್ಕೆ ಹಿಂದೂ ಮಹಾಸಾಗರ, ಬಲಕ್ಕೆ ಊರು. ಮಧ್ಯಾಹ್ನದ ಗಾಳಿಗೆ ಒಂದು ಬಾಣ, ಸಮುದ್ರದಿಂದ ದಡಕ್ಕೆ ಓರೆಯಾಗಿ. ಮುಂಜಾನೆಯ ಗಾಳಿಗೆ ಇನ್ನೊಂದು. ಬೇಸಿಗೆಯಲ್ಲಿ ಪರ್ತ್‌ನ ಬೆಳಗಿನ ಗಾಳಿ ಸಾಮಾನ್ಯವಾಗಿ ಪೂರ್ವದ್ದು, ನೆಲದಿಂದ ಕಡಲಿಗೆ. ಎರಡನೆಯ ಬಾಣದ ತುದಿ ಬರೆಯುವಾಗ ಅವರ ಪೆನ್ನು ನಿಂತಿತು.

"ಒಳಗ ಒಯ್ತೈತ್ರೀ ಇದು."

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇಷ್ಟು. ರಮೇಶರ ಭಯ ಸರಿಯಾಗಿಯೇ ಇತ್ತು. ಅಷ್ಟು ದೊಡ್ಡ ಕೈಟ್ ಎಳೆದಾಗ ಹೆದರದವನಿಗೇ ಅಪಾಯ ಹೆಚ್ಚು. ಅವರನ್ನು ನೀರಿನಲ್ಲಿ ಒಂಟಿಯಾಗಿ ಮುಳುಗಿಸಲು ಹೊರಟಿದ್ದದ್ದು ನಾಚಿಕೆ. ಜನರಿಲ್ಲದ ಹೊತ್ತನ್ನು ಆರಿಸಿಕೊಂಡದ್ದು ಅದು. ಆ ಹೊತ್ತಿಗೇ ದಡದಿಂದ ದೂರ ತಳ್ಳುವ ಗಾಳಿ, ಕೂಗಿದರೆ ಕೇಳಿಸಿಕೊಳ್ಳುವವರೂ ಇಲ್ಲ. ಹಾಗಾಗಿ ಧೈರ್ಯ ತುಂಬುವ ಕೆಲಸಕ್ಕೆ ನಾನು ಕೈ ಹಾಕಲೇ ಇಲ್ಲ. ನಾಚಿಕೆಯ ಬೇರು ಹುಡುಕಿದೆವು. ಶಾಲೆಯಿಂದ ಎಂಜಿನಿಯರಿಂಗ್‌ವರೆಗೆ ಮೊದಲ ಬೆಂಚಿನ ಹುಡುಗ. ಬಾರದ್ದನ್ನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಕಲಿತು, ಬಂದ ಮೇಲಷ್ಟೇ ಹೊರಗೆ ತೋರಿಸಿದವರು. ಸೈಕಲ್ ಕೂಡ ಹಾಗೇ ಕಲಿತದ್ದಂತೆ. ಆ ಕ್ರಮ ಪುಸ್ತಕಕ್ಕೆ ಸಾಕು. ಗಾಳಿ ನೀರಿನ ಮುಂದೆ ಎಲ್ಲರೂ ಎಲ್ಲರ ಕಣ್ಣೆದುರೇ ಕಲಿಯಬೇಕು.

ಸಲಹೆಗಳಲ್ಲಿ ಮೊದಲನೆಯದಕ್ಕೆ ಚೌಕಾಶಿ ಇರಲಿಲ್ಲ: ಒಬ್ಬರೇ ಹೋಗುವುದಿಲ್ಲ, ಬೆಳಗಿನ ಗಾಳಿಗೆ ಹೋಗುವುದಿಲ್ಲ. ಮಂಚದ ಕೆಳಗಿನ ಕೈಟ್ ತರಬೇತುದಾರನ ಕೈಗೆ ಹೋಗಿ ಪರೀಕ್ಷೆಯಾಗಬೇಕು. ಹೋಯಿತು. ಗಾಳಿ ತುಂಬುವ ಟ್ಯೂಬಿನ ವಾಲ್ವ್ ಸೋರುತ್ತಿತ್ತು, ಅಪಾಯದಲ್ಲಿ ಕೈಟ್ ಬಿಡಿಸುವ ಕ್ವಿಕ್ ರಿಲೀಸ್ ಮರಳು ಕೂತು ಬಿಗಿದಿತ್ತು.

ಗಾಬರಿಯಲ್ಲಿ ಕೈ ಬಿಗಿಯುವುದಕ್ಕೆ ಮಾತಿನ ಮದ್ದಿಲ್ಲ, ಅಭ್ಯಾಸ ಬೇಕು. ದಡದಲ್ಲೇ ಹಾರ್ನೆಸ್ ಕಟ್ಟಿಕೊಂಡು ಬಾರ್ ಬಿಡುವುದು, ಕ್ವಿಕ್ ರಿಲೀಸ್ ತಳ್ಳುವುದು, ಮತ್ತೆ ಜೋಡಿಸುವುದು. ಕಣ್ಣು ಮುಚ್ಚಿದರೂ ಕೈ ತಾನಾಗಿ ಹೋಗುವವರೆಗೆ ಮಾಡಿಸಿ ಎಂದು ತರಬೇತುದಾರನನ್ನು ಕೇಳಲು ಹೇಳಿದೆ. ಬಿಡುವುದನ್ನು ಕಲಿಯಬೇಕು ಎಂದು ಬದುಕಿಗೆ ಹೊಂದಿಸಿ ಒಂದು ಭಾಷಣ ಬಿಗಿಯುವ ಆಸೆ ನನಗೂ ಆಯಿತು. ತಡೆದುಕೊಂಡೆ. ಈಜುಕೊಳದ ಈಜು ಬರುತ್ತಿತ್ತು, ಅಲೆಯ ನೀರಿನ ರೂಢಿ ಇರಲಿಲ್ಲ. ಅದಕ್ಕೆ ದೊಡ್ಡವರ ಈಜು ತರಗತಿ.

ಸಹೋದ್ಯೋಗಿಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟೆವು. ಭುಜದ ನೋವಿನ ಕತೆ ಬಿಟ್ಟು "ನೀರಿನಲ್ಲಿ ಹೆದರಿದೆ" ಎಂದು ಒಬ್ಬರಿಗೆ, ಒಬ್ಬರಿಗಷ್ಟೇ, ಹೇಳುವುದು. ಹೇಳುವ ಇಂಗ್ಲಿಷ್ ವಾಕ್ಯವನ್ನು ನನ್ನೆದುರೇ ಗಟ್ಟಿಯಾಗಿ ಹೇಳಿಸಿದೆ. ಮೊದಲ ಸಲ ನಗು ಬಂತು, ಆಮೇಲೆ ಗಂಟಲು ಕಟ್ಟಿತು. ಮತ್ತೆ, ಪಾಠವಿಲ್ಲದ ಸಂಜೆಯೂ ಕಡಲತೀರಕ್ಕೆ ಹೋಗಲಿ ಎಂದೆ. ಕೈಟ್ ಏರಿಸಲು, ಇಳಿಸಲು ದಡದಲ್ಲಿ ಇನ್ನೊಬ್ಬರು ಬೇಕಾಗುತ್ತದೆ. ನೀರಿನಿಂದ ಬರುವವರು ಒಂದು ಕೈಯಿಂದ ತಲೆ ತಟ್ಟಿಕೊಂಡರೆ "ನನ್ನ ಕೈಟ್ ಹಿಡಿದು ಇಳಿಸಿ" ಎಂದು ಅರ್ಥವಂತೆ. ಇದನ್ನು ಹೇಳಿಕೊಟ್ಟದ್ದು ರಮೇಶರೇ. ಹಾಗಾದರೆ ಹಿಡಿಯುವ ಕ್ರಮವನ್ನು ತರಬೇತುದಾರನಿಂದ ಸರಿಯಾಗಿ ಕಲಿತು ಆ ಕೆಲಸಕ್ಕೆ ನಿಲ್ಲಿ ಎಂದೆ. ಹೊಸ ಊರಿನಲ್ಲಿ ಸ್ನೇಹ ಮಾಡಿಕೊಳ್ಳಿ ಎಂದು ಬಾಯಲ್ಲಿ ಹೇಳುವುದು ಸುಲಭ; ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಕೆಲವೇ ವಾರಗಳಲ್ಲಿ ದಡದ ಮಂದಿ ಇವರನ್ನು ಹೆಸರು ಹಿಡಿದು ಕರೆಯತೊಡಗಿದರು. ನಿದ್ದೆ ಸುಧಾರಿಸಿತು. ಗುಳಿಗೆ ಬೇಕಾಗಲಿಲ್ಲ.

ಮನೆಯಲ್ಲಿ ಹೇಳುವುದೇ ಕಷ್ಟವಾದದ್ದು. ಕೈಟ್ ಕೊಂಡದ್ದು ಹೆಂಡತಿಗೆ ಗೊತ್ತಿರಲಿಲ್ಲ. ತಂದೆಗೆ ತಿಳಿದರೆ "ಪಟ ಹಾರಿಸಾಕ ಅಷ್ಟು ದೂರ ಹೋದೇನು?" ಅಂತಾರೆ ಎಂಬ ಅಂಜಿಕೆ. ತಂದೆಗೆ ನಿಧಾನ ಹೇಳಿ, ಹೆಂಡತಿಗೆ ಈ ವಾರವೇ ಹೇಳಿ ಎಂದೆ: ಖರ್ಚು ಎಷ್ಟು, ಅಪಾಯ ಏನು, ಯಾರ ಜೊತೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್. ಹೇಳಿದರು. ಆಕೆ ಎರಡು ದಿನ ಸಿಟ್ಟು ಮಾಡಿದರು. ಆಟಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಈಗ ರಮೇಶ ಹಲಗೆಯ ಮೇಲೆ ಎದ್ದು ಸ್ವಲ್ಪ ದೂರ ಹೋಗುತ್ತಾರೆ. ಗಾಳಿಗೆ ಎದುರಾಗಿ ಹೊರಟ ಜಾಗಕ್ಕೇ ಮರಳುವುದು ಇನ್ನೂ ಬಂದಿಲ್ಲ. ಗಾಳಿ ಒಯ್ದ ಕಡೆ ಎಲ್ಲೋ ದಡ ಹತ್ತಿ, ಹಲಗೆ ಕಂಕುಳಲ್ಲಿ ಇಟ್ಟುಕೊಂಡು ಮರಳಲ್ಲಿ ನಡೆದು ಬರುತ್ತಾರೆ, ಎಲ್ಲರೂ ನೋಡುತ್ತಿರುವಾಗಲೇ. ಹೊಸ ಕೈಟ್ ಕೊಳ್ಳಲೇ ಎಂದು ಹೋದ ಸಲ ಕೇಳಿದರು. ಆ ಉತ್ತರ ತರಬೇತುದಾರ ಮತ್ತು ಹೆಂಡತಿ ಇಬ್ಬರದೂ ಆಗಬೇಕು ಎಂದೆ. ಕುಟುಂಬ ಅಲ್ಲಿಗೆ ಬಂದ ಮೇಲೆ ಶನಿವಾರ ಮಧ್ಯಾಹ್ನ ಯಾರದು ಎಂಬ ಜಗಳ ಏಳುವುದು ಖಂಡಿತ. ಅದಕ್ಕೇ ಮುಂದಿನ ಭೇಟಿಗೆ ದಂಪತಿ ಒಟ್ಟಿಗೆ ಬರಲಿ ಎಂದು ಕೇಳಿದ್ದೇನೆ. ಆಕೆ ಹುಬ್ಬಳ್ಳಿಯಿಂದಲೇ ಸೇರಿಕೊಳ್ಳಲು ಒಪ್ಪಿದ್ದಾರೆ. "ಬರ್ತೇನ್ರೀ, ಆದ್ರ ನನಗ ಮೊದಲ ಈಜು ಕಲಸಾಕ ಹೇಳ್ರಿ ಇವ್ರಿಗೆ" ಎಂಬುದು ಅವರ ಶರತ್ತು.