ಬೋರ್ಡೋ ಆಪ್ ಕಾಪಿ ಆದದ್ದಕ್ಕೆ ಏನು ಮಾಡಬಹುದು

ಶೆಟ್ರೇ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಏನೇನು ಎಷ್ಟೆಷ್ಟು ಬೇಕು ಅಂತ ಲೆಕ್ಕ ಹೇಳುವ, ನಿಮ್ಮ ಮಗ ಮಾಡಿದ ಆಪ್‌ನ ಹಾಗೇ ಇನ್ನೊಂದು ಪ್ಲೇ ಸ್ಟೋರ್‌ಗೆ ಬಂದದ್ದು ನಾನೂ ನೋಡಿದೆ. ಕೇಸ್ ಹಾಕಬಹುದಾ ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟಿನ ಕೆಳಗೆ ಭಟ್ರು, ಸ್ಯಾಮ್‌ಸಂಗ್ ಆಪಲ್‌ನ ಕಾಪಿ ಹೊಡೆದೇ ದೊಡ್ಡದಾದದ್ದು, ಯಾರು ಏನು ಮಾಡಿದರು ಅಂತ ಹಾಕಿದ್ದಾರೆ. ಅದು ಅಷ್ಟು ಸಲೀಸು ಕತೆ ಅಲ್ಲ ಮಾರಾಯ್ರೇ.

ಆಪಲ್ ಕೇಸ್ ಹಾಕಿದ್ದು 2011ರ ಏಪ್ರಿಲ್‌ನಲ್ಲಿ. ಜಗಳ ಇದ್ದದ್ದು ಫೋನಿನ ಉರುಟು ಮೂಲೆ, ಐಕಾನ್‌ಗಳ ಸಾಲು, ಪಟ್ಟಿ ಮುಗಿದಾಗ ರಬ್ಬರಿನ ಹಾಗೆ ಹಿಂದಕ್ಕೆ ಬರುವುದು, ಇಂಥದ್ದರ ಮೇಲೆ. ಮರುವರ್ಷ ಕ್ಯಾಲಿಫೋರ್ನಿಯಾದ ಜ್ಯೂರಿ ಸುಮಾರು 105 ಕೋಟಿ ಡಾಲರ್ ಕೊಡಿ ಅಂದಿತು. ಆಮೇಲೆ ಆ ಮೊತ್ತ ಇಳಿಯಿತು, ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, ವಾಪಸ್ ಬಂತು, 2018ರಲ್ಲಿ ರಾಜಿ ಆಯಿತು. ತಮಾಷೆ ಎಂದರೆ ಕೋರ್ಟಿನಲ್ಲಿ ಬೈದಾಡುತ್ತಿದ್ದಾಗಲೇ ಐಫೋನಿಗೆ ಚಿಪ್ ಮಾಡಿಕೊಡುತ್ತಿದ್ದದ್ದು ಇದೇ ಸ್ಯಾಮ್‌ಸಂಗ್. ಇನ್ನು ಲಂಡನ್‌ನ ಜಡ್ಜ್ 2012ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಕಾಪಿ ಅಲ್ಲ, ಅದು ಆಪಲ್‌ನದ್ದರಷ್ಟು ಕೂಲ್ ಇಲ್ಲ ಅಂದುಬಿಟ್ಟರು. ಗೆದ್ದವರಿಗೂ ನಗಬೇಕೋ ಅಳಬೇಕೋ ಗೊತ್ತಾಗದ ತೀರ್ಪು! ಹಾಗಂತ ಆಪಲ್ ಏನು ಸಾಚಾನಾ? ಮೇಲಿಂದ ಎಳೆದರೆ ಇಳಿಯುವ ನೋಟಿಫಿಕೇಶನ್ ಪರದೆ ಆಂಡ್ರಾಯ್ಡ್‌ನಲ್ಲಿ 2008ರಿಂದಲೇ ಇತ್ತು, ಐಫೋನ್‌ಗೆ ಬಂದದ್ದು 2011ರಲ್ಲಿ.

ಆಪ್‌ಗಳಲ್ಲಂತೂ ಇದು ಇನ್ನೂ ಜಾಸ್ತಿ. 2014ರ ಫೆಬ್ರವರಿಯಲ್ಲಿ ತ್ರೀಸ್ ಅಂತ ಒಂದು ನಂಬರ್ ಆಟ ಬಂತು, ಮುಂದಿನ ತಿಂಗಳೇ ಅದೇ ಜಾಡಿನಲ್ಲಿ 2048 ಬಂತು, ಅದೂ ಪುಕ್ಕಟೆ. ಈಗ ಯಾರನ್ನು ಕೇಳಿದರೂ 2048 ಗೊತ್ತು, ತ್ರೀಸ್ ಗೊತ್ತಿಲ್ಲ. ಆಟದ ಐಡಿಯಾ ಯಾರ ಸ್ವತ್ತೂ ಅಲ್ಲ. ನಮ್ಮ ಉಡುಪಿಯ 99ಗೇಮ್ಸ್‌ನವರು ಸ್ಟಾರ್ ಶೆಫ್ ಮಾಡುವ ಮೊದಲೂ ಅಡುಗೆ ಆಟಗಳು ಇದ್ದವಲ್ಲ.

ಈಗ ನಿಮ್ಮದು. ಅವರು ಬರೀ ಲೆಕ್ಕ ತೆಗೆದುಕೊಂಡಿದ್ದರೆ ಬಿಟ್ಟುಬಿಡಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಇದು ಫ್ರಾನ್ಸಿನ ದ್ರಾಕ್ಷಿ ತೋಟದಿಂದ ನಮ್ಮ ಅಡಿಕೆಗೆ ಬಂದದ್ದು, ನಿಮ್ಮದೂ ಅಲ್ಲ ಅವರದ್ದೂ ಅಲ್ಲ. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಪ್ರಕಾರ ಲೆಕ್ಕದ ವಿಧಾನಕ್ಕಾಗಲಿ ಬರೀ ಕಂಪ್ಯೂಟರ್ ಪ್ರೋಗ್ರಾಂಗಾಗಲಿ ಪೇಟೆಂಟ್ ಸಿಗುವುದಿಲ್ಲ. ಆದರೆ ಮಗ ಬರೆದ ಕೋಡ್, ಕೊಳೆರೋಗದ ಬಗ್ಗೆ ನೀವು ಬರೆದ ಟಿಪ್ಪಣಿ, ತೋಟದಲ್ಲಿ ತೆಗೆದ ಫೋಟೋ, ಐಕಾನ್, ಇದಕ್ಕೆಲ್ಲ ಕಾಪಿರೈಟ್ ತಾನಾಗಿಯೇ ಉಂಟು. ರಿಜಿಸ್ಟರ್ ಮಾಡಿಸಿರಬೇಕು ಅಂತ ಇಲ್ಲ.

ಮೊದಲು ಅವರ ಆಪ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ, ಅವರು ಬದಲಾಯಿಸುವ ಮೊದಲು. ನಿಮ್ಮ ಟಿಪ್ಪಣಿಯಲ್ಲಿ ಅಕ್ಷರ ತಪ್ಪು ಇದ್ದರೆ ಅದೇ ತಪ್ಪು ಅಲ್ಲೂ ಉಂಟಾ ನೋಡಿ. ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ, ಯಾಕೆಂದರೆ ಇಬ್ಬರು ಬೇರೆ ಬೇರೆ ಕೂತು ಒಂದೇ ಲೆಕ್ಕ ಮಾಡಬಹುದು, ಆದರೆ ಅದೇ ಜಾಗದಲ್ಲಿ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುವುದಿಲ್ಲ. ಫೋಟೋದ ಮೂಲ ಫೈಲ್ ಇಟ್ಟುಕೊಳ್ಳಿ, ವಾಟ್ಸಾಪ್‌ನಲ್ಲಿ ಬಂದ ಪ್ರತಿ ಬೇಡ, ಅದರಲ್ಲಿ ತೆಗೆದ ತಾರೀಕು ಹೋಗಿರುತ್ತದೆ. ಕೋಡ್‌ನಲ್ಲಿ ಯಾವಾಗ ಏನು ಬದಲಾಯಿತು ಅಂತ ದಾಖಲೆ ಇಡುವ ಗಿಟ್ ಅನ್ನು ಮಗ ಬಳಸಿದ್ದರೆ ಅದರ ಹಿಸ್ಟರಿ ಅಳಿಸಬೇಡಿ ಅಂತ ಹೇಳಿ. ಇಷ್ಟು ಕೈಯಲ್ಲಿಟ್ಟುಕೊಂಡು ಗೂಗಲ್‌ನ ಕಾಪಿರೈಟ್ ದೂರಿನ ಫಾರ್ಮ್ ತುಂಬಿ. ಅದಕ್ಕೆ ದುಡ್ಡಿಲ್ಲ, ವಕೀಲರೂ ಬೇಡ. ಆದರೆ ನಿಮ್ಮದು ಹೌದು ಅಂತ ಖಾತ್ರಿ ಇದ್ದದ್ದನ್ನು ಮಾತ್ರ ಬರೆಯಿರಿ. ಅವರು ಎದುರು ಉತ್ತರ ಕೊಡಬಹುದು.

ಆಪ್‌ನ ಹೆಸರು ಬೇರೆ ವಿಷಯ, ಅದು ಟ್ರೇಡ್‌ಮಾರ್ಕ್. ಒಬ್ಬರ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ಕ್ಲಾಸಿಗೆ, ಅಂದರೆ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ, ಸರಕಾರಿ ಫೀಸು 4,500 ರೂಪಾಯಿ. ಪುಕ್ಕಟೆ ಆಪ್‌ಗೆ ಇದು ಬೇಕಾ ಅಂತ ನೀವೇ ನೋಡಿ, ನಾನಾದರೆ ಸದ್ಯಕ್ಕೆ ಹಾಕುವುದಿಲ್ಲ. ಆ ದುಡ್ಡಿನ ಬದಲು ಎರಡನೇ ಸ್ಪ್ರೇ ನೆನಪಿಸುವ ಅಲಾರಂ ಸೇರಿಸಿ, ಜನ ಕೇಳುತ್ತಿರುವುದೇ ಅದು.

ಮತ್ತೆ, ಎಲ್ಲರೂ ಸೇರಿ ಅವರ ಆಪ್‌ಗೆ ಒಂದು ಸ್ಟಾರ್ ಹಾಕುವ ಅಂತ ಮೇಲೆ ಯಾರೋ ಹೇಳಿದ್ದಾರೆ. ದಯವಿಟ್ಟು ಬೇಡ. ಅದು ಪ್ಲೇ ಸ್ಟೋರ್ ನಿಯಮಕ್ಕೆ ವಿರುದ್ಧ, ನಾಳೆ ಅವರೂ ಅದನ್ನೇ ನಿಮಗೆ ಮಾಡುತ್ತಾರೆ.