ಹತ್ತಕ್ಕೆ ಏಳು ಕೊಟ್ಟಿದ್ದಕ್ಕೆ: ಒಬ್ಬ ಸಂಗೀತ ವಿಮರ್ಶಕಿಯ ಪ್ರಕರಣ

(ಹೆಸರು, ಊರು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು ಸುಮಾ ಎಂದು ಕರೆಯೋಣ. ಹಾಸನದ ಕಡೆಯವರು. ಈಗ ಅಮೆರಿಕದ ಒಂದು ನಗರದಲ್ಲಿದ್ದಾರೆ. ಅಲ್ಲಿನ ಇಂಗ್ಲಿಷ್ ಪತ್ರಿಕೆಗಳಿಗೆ ಪಾಪ್ ಸಂಗೀತದ ವಿಮರ್ಶೆ ಬರೆಯುವುದೇ ಅವರ ಕಸುಬು. ಕನ್ನಡದಲ್ಲಿ ಮಾತಾಡಿದರೆ ಮನಸ್ಸು ಹಗುರಾಗುತ್ತೆ ಅಂತ ವಿಡಿಯೊ ಕಾಲ್‌ನಲ್ಲಿ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದರು.

ಆಗಿದ್ದು ಇಷ್ಟು. ಒಬ್ಬ ಸೂಪರ್‌ಸ್ಟಾರ್ ಗಾಯಕಿಯ ಹೊಸ ಆಲ್ಬಂಗೆ ಸುಮಾ ಹತ್ತಕ್ಕೆ ಏಳು ಅಂಕ ಕೊಟ್ಟರು. ಬರಹದ ಬಹುಪಾಲು ಹೊಗಳಿಕೆಯೇ. ಒಂದು ಪ್ಯಾರಾದಲ್ಲಿ ಮಾತ್ರ ಆಲ್ಬಂನ ನಡುವೆ ಬೇಸರವಾಗುತ್ತದೆ ಎಂದಿದ್ದರು. ಬೆಳಗಾಗುವಷ್ಟರಲ್ಲಿ ಬೈಗುಳದ ಮಳೆ. ಯಾರೋ ಅವರ ಅಪಾರ್ಟ್‌ಮೆಂಟಿನ ಫೋಟೊ ಹಾಕಿದರು. ಮಾರನೇ ದಿನ ಹಾಸನದಲ್ಲಿರುವ ಅಮ್ಮನ ಫೋನಿಗೂ ಒಂದು ಮೆಸೇಜ್ ಹೋಯಿತು. ಅಮ್ಮನಿಗೆ ಇಂಗ್ಲಿಷ್ ಪೂರ್ತಿ ಅರ್ಥವಾಗಲಿಲ್ಲ, ಬೆದರಿಕೆ ಅಂತ ಮಾತ್ರ ಗೊತ್ತಾಯಿತು. "ಚೆನ್ನಾಗಿದೆ ಅಂತ ಬರೆದುಬಿಡು ಪುಟ್ಟಿ. ನಿನ್ನ ಗಂಟೇನು ಹೋಗುತ್ತೆ?" ಎಂದರಂತೆ.

ಆದರೆ ಸುಮಾ ನನ್ನ ಹತ್ತಿರ ಬಂದಿದ್ದು ಇದರ ಬಗ್ಗೆ ಹೇಳಿಕೊಳ್ಳಲು ಅಲ್ಲ. ಕೆಲವು ತಿಂಗಳ ನಂತರ ಇನ್ನೊಬ್ಬ ದೊಡ್ಡ ಸ್ಟಾರ್‌ನ ಆಲ್ಬಂ ಅವರ ಪಾಲಿಗೆ ಬಂದಿತ್ತು. ಅದನ್ನು ಹೊಗಳಿ ಬರೆದರು. "ಮೇಡಂ, ಅಷ್ಟು ಚೆನ್ನಾಗಿರಲಿಲ್ಲ ಅದು. ಅಥವಾ ಚೆನ್ನಾಗಿತ್ತೋ ಏನೋ. ನನಗೇ ಗೊತ್ತಾಗ್ತಿಲ್ಲ" ಎಂದು ಅತ್ತರು. ನಿದ್ದೆ ಕೆಟ್ಟಿತ್ತು. ಫೋನ್ ಸದ್ದು ಮಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕಿಂತ ಅವರನ್ನು ಜಾಸ್ತಿ ಕಾಡಿದ್ದು ಈ "ಗೊತ್ತಾಗ್ತಿಲ್ಲ".

ಇಂಥವರಿಗೆ ಸುತ್ತಲಿನವರು ಸಾಮಾನ್ಯವಾಗಿ ಹೇಳುವುದು "ಆನ್‌ಲೈನ್ ಮಂದಿ ಸುಮ್ನೆ ಕೂಗಾಡ್ತಾರೆ, ಬಿಟ್ಟಾಕು" ಅಂತ. ನಾನು ಹಾಗೆ ಹೇಳಲಿಲ್ಲ. ಅವರ ಭಯಕ್ಕೆ ಕಾರಣ ಇತ್ತು. 2018ರಲ್ಲಿ ಟೊರಾಂಟೊದ ಒಬ್ಬ ಯುವ ಬರಹಗಾರ್ತಿ, ರ್‍ಯಾಪ್ ಗಾಯಕಿ ನಿಕ್ಕಿ ಮಿನಾಜ್ ಇನ್ನೂ ಪ್ರೌಢವಾದ ಹಾಡು ಮಾಡಬಹುದು ಎಂಬರ್ಥದ ಒಂದು ಟ್ವೀಟ್ ಹಾಕಿದ್ದರು. ಮಿನಾಜ್ ಖುದ್ದಾಗಿ ಆಕೆಗೆ ಖಾರವಾದ ಮೆಸೇಜ್ ಕಳಿಸಿದರು. ಅಭಿಮಾನಿಗಳು ಮುಗಿಬಿದ್ದರು. ಆ ಗದ್ದಲದಲ್ಲಿ ಆಕೆಯ ಇಂಟರ್ನ್‌ಶಿಪ್ಪೂ ಹೋಯಿತು. 2020ರಲ್ಲಿ ಅಮೆರಿಕದ ಪಾಪ್ ಗಾಯಕಿ ಟೇಲರ್ ಸ್ವಿಫ್ಟ್ ಅವರ 'ಫೋಕ್‌ಲೋರ್' ಆಲ್ಬಂಗೆ ಸಂಗೀತ ವಿಮರ್ಶೆಯ ವೆಬ್‌ಸೈಟ್ ಪಿಚ್‌ಫೋರ್ಕ್ ಹತ್ತಕ್ಕೆ 8.0 ಕೊಟ್ಟಿತು. ಎಂಟು ಅಂದರೆ ಒಳ್ಳೆಯ ಅಂಕವೇ ಅಲ್ವಾ? ಆದರೆ ಹಲವು ಪತ್ರಿಕೆಗಳು ಅದಕ್ಕಿಂತ ಜಾಸ್ತಿ ಕೊಟ್ಟಿದ್ದವು. ಎಲ್ಲ ವಿಮರ್ಶೆಗಳ ಅಂಕ ಸೇರಿಸಿ ಸರಾಸರಿ ತೋರಿಸುವ ಮೆಟಾಕ್ರಿಟಿಕ್‌ನಲ್ಲಿ ಈ ಎಂಟು ಸರಾಸರಿಯನ್ನು ಕೆಳಗೆ ಎಳೆಯುತ್ತದೆ ಎಂಬುದು ಅಭಿಮಾನಿಗಳ ಸಿಟ್ಟು. ವಿಮರ್ಶಕಿಯ ವಿಳಾಸ, ಫೋನ್ ನಂಬರ್ ಬಯಲಾದವು. ಬೆದರಿಕೆಗಳು ಬಂದವು. 2024ರ ಏಪ್ರಿಲ್‌ನಲ್ಲಿ ಅದೇ ಗಾಯಕಿಯ 'ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್' ಬಂದಾಗ ಪೇಸ್ಟ್ ಪತ್ರಿಕೆ ವಿಮರ್ಶೆಯನ್ನು ಬರೆದವರ ಹೆಸರೇ ಹಾಕದೆ ಪ್ರಕಟಿಸಿತು. 2019ರಲ್ಲಿ 'ಲವರ್' ಆಲ್ಬಂ ಬಗ್ಗೆ ಬರೆದವರಿಗೆ ಹಿಂಸೆಯ ಬೆದರಿಕೆ ಬಂದಿತ್ತು, ನಮಗೆ ಬರೆಯುವವರ ಸುರಕ್ಷತೆ ಮುಖ್ಯ ಎಂದು ಅದು ಕಾರಣ ಕೊಟ್ಟಿತು.

ಇದನ್ನೆಲ್ಲ ಸುಮಾ ನನಗಿಂತ ಚೆನ್ನಾಗಿ ಬಲ್ಲವರು. ಆದರೂ ಒಬ್ಬರ ಬಾಯಿಂದ "ನಿಮ್ಮ ಹೆದರಿಕೆ ಸುಳ್ಳಲ್ಲ" ಅಂತ ಕೇಳಿಸಿಕೊಂಡಾಗ ಅವರ ಭುಜ ಇಳಿದಿದ್ದು ಸ್ಕ್ರೀನ್‌ನಲ್ಲೇ ಕಾಣಿಸಿತು.

ಮುಂದಿನ ಸಲ, ಹೊಗಳಿ ಬರೆದ ಆ ವಿಮರ್ಶೆಯ ಹಳೆಯ ಡ್ರಾಫ್ಟುಗಳನ್ನು ತೆರೆಯಲು ಹೇಳಿದೆ. ಕಂಪ್ಯೂಟರ್ ಅದನ್ನೆಲ್ಲ ಇಟ್ಟುಕೊಂಡಿರುತ್ತದೆ. ಇಬ್ಬರೂ ಕೂತು ಒಂದೇ ಒಂದು ವಾಕ್ಯವನ್ನು ಹಿಂಬಾಲಿಸಿದೆವು. ಮೊದಲ ಡ್ರಾಫ್ಟಿನಲ್ಲಿ ಹೀಗಿತ್ತು: "ಐದನೇ ಹಾಡಿನಿಂದ ಒಂಬತ್ತನೆಯದರವರೆಗೆ ಒಂದೇ ತಾಳ, ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ವಾದ್ಯದ ಒಂದೇ ಸದ್ದು; ಯಾವ ಹಾಡು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ." ಎರಡನೆಯದರಲ್ಲಿ: "ನಡುವಿನ ಕೆಲವು ಹಾಡುಗಳು ಒಂದನ್ನೊಂದು ಹೋಲುತ್ತವೆ." ಅಚ್ಚಾಗಿದ್ದು: "ಆಲ್ಬಂನ ನಡುಭಾಗ ಒಂದೇ ಭಾವವನ್ನು ಕಾಪಾಡಿಕೊಳ್ಳುತ್ತದೆ."

ಸುಮಾ ಬಹಳ ಹೊತ್ತು ನೋಡಿದರು. "ಮೂರೂ ಸುಳ್ಳಲ್ಲ ಅಲ್ವಾ ಮೇಡಂ?" ಎಂದರು. ನಿಜ, ಯಾವುದೂ ಸುಳ್ಳಲ್ಲ. ಆದರೆ ಮೊದಲನೆಯದನ್ನು ಓದಿದವರು ಹಾಡು ಹಾಕಿ ಕೇಳಿ "ಹೌದಲ್ಲ" ಅನ್ನಬಹುದು, ಇಲ್ಲಾ ಜಗಳ ಆಡಬಹುದು. ಮೂರನೆಯದರ ಜೊತೆ ಜಗಳ ಆಡಲು ಏನೂ ಉಳಿದಿಲ್ಲ. ಅವರು ಸುಳ್ಳು ಬರೆದಿರಲಿಲ್ಲ, ಹಿಡಿಗೆ ಸಿಗದ ಹಾಗೆ ಬರೆದಿದ್ದರು. ಅಪ್ರಾಮಾಣಿಕತೆ ಬರುವುದು ಹೀಗೇ ಅಂತ ನನಗೆ ಅನ್ನಿಸುತ್ತದೆ. ಯಾರೂ ಲಂಚ ಕೊಡಲಿಲ್ಲ. ಸಂಪಾದಕರು ಒತ್ತಡ ಹಾಕಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು, ಒಂದು ವಾಕ್ಯ ಬದಲಿಸಿದರು ಅಷ್ಟೇ.

ಇನ್ನೊಂದು ವಿಷಯ ಅವರಾಗೇ ಹೇಳಿದರು, ತುಂಬಾ ನಾಚಿಕೆಯಿಂದ. ಅದೇ ವಾರ ಹೆಸರೇ ಗೊತ್ತಿಲ್ಲದ ಒಂದು ಸಣ್ಣ ಬ್ಯಾಂಡಿನ ಮೊದಲ ಆಲ್ಬಂ ಅನ್ನು ಅವರು ಚಿಂದಿ ಮಾಡಿದ್ದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ಆ ಬ್ಯಾಂಡಿಗೆ ತಿರುಗಿ ಬೀಳುವ ಅಭಿಮಾನಿಗಳಿರಲಿಲ್ಲ. ದೊಡ್ಡವರ ಮುಂದೆ ಪ್ರಾಮಾಣಿಕತೆ ಕುಗ್ಗಿದರೆ ಅದರ ಪೆಟ್ಟು ಬೀಳುವುದು ಸಣ್ಣವರ ಮೇಲೆ. ಈ ಚರ್ಚೆಯಲ್ಲಿ ಇದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ.

ಅಭಿಮಾನಿಗಳ ಬಗ್ಗೆಯೂ ಮಾತಾಡಿದೆವು. ಅಭಿಮಾನಿಗಳನ್ನು ದೇವರು ಎಂದು ಕರೆದ ಡಾ. ರಾಜ್‌ಕುಮಾರ್ ಅವರ ನಾಡಿನವರು ನಾವು. ಅಭಿಮಾನ ಅಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಗಾಯಕಿಯ ಹಾಡು ಕೇಳುತ್ತಾ ಕಷ್ಟದ ದಿನ ದಾಟಿದ ಹುಡುಗಿಯರು ಲಕ್ಷಗಟ್ಟಲೆ ಇದ್ದಾರೆ. ಹಾಡಿಗೆ ಏಳು ಅಂಕ ಕೊಟ್ಟರೆ ತನ್ನ ಅಳುವಿಗೇ ಏಳು ಕೊಟ್ಟ ಹಾಗೆ ಅವರಿಗೆ ಅನ್ನಿಸುತ್ತದೆ. ಅದು ನೋವು, ಒಪ್ಪೋಣ. ಮನೆಯ ಫೋಟೊ ಹಾಕುವುದು ನೋವಲ್ಲ, ಅಪರಾಧ. ಇವೆರಡನ್ನೂ ಬೇರೆ ಮಾಡಿ ನೋಡಲು ಸುಮಾಗೆ ಹೇಳಿದೆ. ಕಳಿಸಿದ್ದರಲ್ಲಿ ಹೆಚ್ಚಿನವು ಬರೀ ಬೇಸರ. ನಿಜವಾದ ಬೆದರಿಕೆ ಕೆಲವೇ ಮಂದಿಯದು. ಆ ಕೆಲವರ ಮುಖವನ್ನೇ ಎಲ್ಲ ಕೇಳುಗರಿಗೂ ಅಂಟಿಸಿಕೊಂಡು ಬರೆಯಲು ಕೂತರೆ ಕಿವಿಗೆ ಸಂಗೀತ ಬೀಳುವುದಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲಿನದು ಸುರಕ್ಷತೆಯದೇ. ಬೆದರಿಕೆಯ ಮೆಸೇಜನ್ನು ಬ್ಲಾಕ್ ಮಾಡುವ ಮುಂಚೆ ತಾರೀಕು, ಲಿಂಕ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಕೆಲಸ ನೀವೇ ಮಾಡಬೇಡಿ, ನಂಬಿಕಸ್ಥ ಗೆಳತಿಯ ಕೈಗೆ ಫೋನ್ ಕೊಡಿ. ಅಮೆರಿಕದಲ್ಲಿ ಹೆಸರು ಹಾಕಿದರೆ ವಿಳಾಸ ತೋರಿಸುವ ವೆಬ್‌ಸೈಟುಗಳು ಬಹಳ ಇವೆ. ಒಂದೊಂದಕ್ಕೂ "ನನ್ನದನ್ನು ತೆಗೆಯಿರಿ" ಅಂತ ಕೋರಿಕೆ ಕಳಿಸಿ. ಮನೆಯ ಫೋಟೊ, ಜೀವ ಬೆದರಿಕೆ ಬಂದರೆ ಪೊಲೀಸರಿಗೆ ದೂರು ಕೊಡಿ. ಅಮ್ಮನಿಗೆ ಬಂದ ಮೆಸೇಜಿಗೆ ಹಾಸನದಲ್ಲೂ ದೂರು ಕೊಡಬಹುದು. ಅಮ್ಮನಿಗೆ ಏನಾಯಿತೆಂದು ಪೂರ್ತಿ ಬಿಡಿಸಿ ಹೇಳಿ. ಅರ್ಧ ಗೊತ್ತಿದ್ದರೆ ಅವರ ಭಯ ಜಾಸ್ತಿಯಾಗುತ್ತದೆ, ಅದು ನಿಮಗೇ ವಾಪಸ್ ಬರುತ್ತದೆ.

ಎರಡನೆಯದು ಕೇಳುವ ವಿಚಾರ. ಆಲ್ಬಂ ಮೊದಲ ಸಲ ಕೇಳುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಅನಿಸಿದ್ದನ್ನು ನೋಟ್‌ಬುಕ್‌ನಲ್ಲಿ ಕೈಯಲ್ಲೇ ಬರೆಯಿರಿ, ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ. ಅದು ಯಾರಿಗೂ ತೋರಿಸುವುದಕ್ಕಲ್ಲ. ವಿಮರ್ಶೆ ಕಳಿಸುವ ಮುಂಚೆ ಎರಡನ್ನೂ ಪಕ್ಕ ಪಕ್ಕ ಇಡಿ. ಮತ್ತೆ ಕೇಳಿದ ಮೇಲೆ ಅಭಿಪ್ರಾಯ ಬದಲಾಗಿದ್ದರೆ ವಾಕ್ಯ ಬದಲಾಗಲಿ. ಹೆದರಿಕೆಯಿಂದ ಬದಲಾಗಿದ್ದರೆ ಮೊದಲಿನದನ್ನೇ ಇಡಿ, ಇಲ್ಲವೇ ಆ ವಾಕ್ಯವನ್ನೇ ತೆಗೆಯಿರಿ. ಮೆತ್ತಗೆ ಮಾಡಿ ಮಾತ್ರ ಇಡಬೇಡಿ.

ಮೂರನೆಯದಕ್ಕೆ ಅವರು ಹಿಂಜರಿದರು. ಸಂಪಾದಕರ ಹತ್ತಿರ ಷರತ್ತು ಕೇಳಬೇಕು. ಒಬ್ಬರ ಧೈರ್ಯದ ಮೇಲೆ ನಿಲ್ಲುವ ವಿಷಯವಲ್ಲ ಇದು. 'ಟಾರ್ಚರ್ಡ್ ಪೊಯೆಟ್ಸ್' ಮಧ್ಯರಾತ್ರಿ 16 ಹಾಡುಗಳೊಂದಿಗೆ ಬಂತು. ಎರಡು ಗಂಟೆ ಕಳೆಯುವಷ್ಟರಲ್ಲಿ ಇನ್ನೂ 15 ಹಾಡು ಸೇರಿದವು. ಒಟ್ಟು ಎರಡು ತಾಸಿಗೂ ಜಾಸ್ತಿ ಸಂಗೀತ. ಅಂಥದ್ದಕ್ಕೆ ಅದೇ ದಿನ ತೀರ್ಪು ಬೇಕು ಎಂದರೆ ಪ್ರಾಮಾಣಿಕವಾಗಿ ಕೇಳುವುದಾದರೂ ಹೇಗೆ? ಹಾಗಾಗಿ ಸಮಯ ಕೇಳಿ. ತಲೆಬರಹ, ಅಂಕ ಯಾರು ಕೊಡುತ್ತಾರೆ ಎಂದು ಮೊದಲೇ ಕೇಳಿ. ಗಲಾಟೆಯಾದರೆ ಪತ್ರಿಕೆ ಬಹಿರಂಗವಾಗಿ ನಿಮ್ಮ ಬೆನ್ನಿಗೆ ನಿಲ್ಲುತ್ತದೆಯೇ ಎಂದು ಕೇಳಿ. 2024ರ ಜನವರಿಯಲ್ಲಿ ಪಿಚ್‌ಫೋರ್ಕ್ ಅನ್ನೇ ಅದರ ಮಾಲೀಕ ಸಂಸ್ಥೆಯು ಗಂಡಸರ ಫ್ಯಾಷನ್ ಪತ್ರಿಕೆಯಾದ ಜಿಕ್ಯೂ ಒಳಗೆ ಸೇರಿಸಿ ಹಲವರನ್ನು ಮನೆಗೆ ಕಳಿಸಿತು. ಅಂಥ ಕಾಲದಲ್ಲಿ ಷರತ್ತು ಹಾಕುವುದು ಕಷ್ಟ ಅಂತ ಸುಮಾ ಹೇಳಿದ್ದರಲ್ಲಿ ಅರ್ಥವಿದೆ. ಆದರೂ ಕೇಳಲೇಬೇಕು.

ಹೆಸರಿಲ್ಲದೆ ಬರೆಯಲೇ ಎಂದು ಕೇಳಿದರು. ಜೀವಕ್ಕೆ ಅಪಾಯವಿದ್ದರೆ ಖಂಡಿತ ಹಾಗೇ ಬರೆಯಿರಿ ಎಂದೆ. ಅದರಲ್ಲಿ ಅವಮಾನವಿಲ್ಲ. ಆದರೆ ಫ್ರೀಲ್ಯಾನ್ಸ್ ಬರಹಗಾರರಿಗೆ ಹೆಸರೇ ಮುಂದಿನ ಕೆಲಸ ತಂದುಕೊಡುವುದು. ಮೇಲಾಗಿ ಓದುಗರು ಒಬ್ಬ ವಿಮರ್ಶಕಿಯ ರುಚಿಯನ್ನು ವರ್ಷಗಟ್ಟಲೆ ಓದಿ ತಿಳಿದಿರುತ್ತಾರೆ. "ಇವಳಿಗೆ ನಿಧಾನದ ಹಾಡು ಹಿಡಿಸಲ್ಲ" ಅಂತ ಗೊತ್ತಿದ್ದೇ ಓದುತ್ತಾರೆ. ಹೆಸರು ಹೋದರೆ ಆ ಪರಿಚಯವೂ ಹೋಗುತ್ತದೆ.

ಸುಮಾ ಈಗ ಬಿಟ್ಟು ಬಿಟ್ಟಾದರೂ ಮೂರು ತಾಸು ನಿದ್ದೆ ಮಾಡುತ್ತಿದ್ದಾರೆ. ಸಂಪಾದಕರು ಸಮಯ ಕೊಡಲು, ಕಾಮೆಂಟುಗಳನ್ನು ಬೇರೆಯವರಿಂದ ನೋಡಿಸಲು ಒಪ್ಪಿದ್ದಾರೆ. ವಿಮರ್ಶೆಗೆ ಅಂಕ ಕೊಡುವುದನ್ನು ಬಿಡಲು ಮಾತ್ರ ಒಪ್ಪಿಲ್ಲ. ಆ ಸಣ್ಣ ಬ್ಯಾಂಡಿನ ಎರಡನೇ ಆಲ್ಬಂ ಅನ್ನು ಸುಮಾ ತಾವಾಗಿಯೇ ಕೇಳಿ ಬರೆದರು. ಅದೂ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ, ಯಾಕೆಂದು ಹಾಡು ಹಾಡಾಗಿ ವಿವರಿಸಿದರು. ಸೂಪರ್‌ಸ್ಟಾರ್ ಆಲ್ಬಂ ಮತ್ತೆ ಬಂದರೆ ಒಪ್ಪಿಕೊಳ್ಳಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. ಅವಸರ ಬೇಡ ಎಂದಿದ್ದೇನೆ.

ಬರೆದಿದ್ದಕ್ಕೆ ಬೆದರಿಕೆ ಬಂದು ನಿದ್ದೆ, ಊಟ ಬಿಟ್ಟಿರುವವರು ಒಬ್ಬರೇ ಇರಬೇಡಿ. ಬದುಕೇ ಸಾಕು ಅನ್ನುವ ಯೋಚನೆ ಬಂದರೆ ಅಮೆರಿಕ, ಕೆನಡಾದಲ್ಲಿ 988ಕ್ಕೆ ಕರೆ ಮಾಡಿ. ಇಲ್ಲಿ ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.